ವಿನಾಯಿತಿ ಕೇಳದ ಭರವಸೆ

2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ದೇಶವೇ ಕದ ಮುಚ್ಚಿಕೊಂಡಾಗ ಕ್ರೈಸ್ತ ಮನೆಗಳ ವಾಟ್ಸ್ಯಾಪ್ ಗುಂಪುಗಳಲ್ಲಿ ಬೈಬಲಿನ 91ನೆಯ ಕೀರ್ತನೆ ಮತ್ತೆ ಮತ್ತೆ ಬಂದು ಬೀಳುತ್ತಿತ್ತು. ಸುತ್ತಮುತ್ತ ಸಾವಿರಾರು ಜನ ಉರುಳಿದರೂ ದೇವರ ಮರೆಹೊಕ್ಕವನ ಬಿಡಾರದ ಹತ್ತಿರಕ್ಕೆ ವ್ಯಾಧಿ ಸುಳಿಯದು ಎಂಬ ಅಭಯ ಆ ಕೀರ್ತನೆಯದು. ದಿನಕ್ಕೆ ಎರಡು ಹೊತ್ತು ಅದನ್ನು ಓದಿದವರಿದ್ದರು, ಅಚ್ಚು ಹಾಕಿಸಿ ಬಾಗಿಲಿಗೆ ಅಂಟಿಸಿದವರೂ ಇದ್ದರು. ಹೆದರಿದ ಮನಸ್ಸು ಏನನ್ನಾದರೂ ಹಿಡಿದುಕೊಳ್ಳಲು ನೋಡುವುದು ಸಹಜ. ಅದರಲ್ಲಿ ನಗುವಂಥದ್ದೇನೂ ಇಲ್ಲ. ಆದರೆ ಮರುವರ್ಷದ ಏಪ್ರಿಲ್, ಮೇ ತಿಂಗಳಲ್ಲಿ ಬಂದ ಎರಡನೆಯ ಅಲೆ ಯಾವ ಬಾಗಿಲಿನ ಬರಹವನ್ನೂ ಲೆಕ್ಕಿಸಲಿಲ್ಲ. ಪಾದ್ರಿಗಳು ಸತ್ತರು, ಕನ್ಯಾಸ್ತ್ರೀಯರು ಸತ್ತರು, ಮಿಷನ್ ಆಸ್ಪತ್ರೆಗಳ ನರ್ಸುಗಳು ಸತ್ತರು, ಭಾನುವಾರ ತಪ್ಪದೆ ದೇವಾಲಯಕ್ಕೆ ಬರುತ್ತಿದ್ದ ಹಿರಿಯರು ಸತ್ತರು. ಹಾಗಾದರೆ ಕೀರ್ತನೆ ಸುಳ್ಳೇ? ಅಥವಾ ಸತ್ತವರ ನಂಬಿಕೆಯೇ ಸಾಲದಾಯಿತೇ?

ಎರಡೂ ಪ್ರಶ್ನೆಗಳು ದಾರಿ ತಪ್ಪಿದವು ಎಂಬುದಕ್ಕೆ ಬೈಬಲಿನಲ್ಲೇ ಸಾಕ್ಷಿಯಿದೆ. ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಸೈತಾನ ಯೇಸುವನ್ನು ಜೆರುಸಲೇಮ್ ದೇವಾಲಯದ ತುದಿಯ ಮೇಲೆ ನಿಲ್ಲಿಸಿ, ಇಲ್ಲಿಂದ ಧುಮುಕು, ದೇವದೂತರು ನಿನ್ನನ್ನು ಕೈಯಲ್ಲಿ ಎತ್ತಿಕೊಳ್ಳುತ್ತಾರೆಂದು ಬರೆದಿದೆಯಲ್ಲ ಎನ್ನುತ್ತಾನೆ. ಅವನು ಆಧಾರವಾಗಿ ಎತ್ತಿ ತೋರಿಸುವುದು ಇದೇ 91ನೆಯ ಕೀರ್ತನೆಯನ್ನು. ಯೇಸು ಒಪ್ಪುವುದಿಲ್ಲ, ದೇವರನ್ನು ಪರೀಕ್ಷೆಗೆ ಒಡ್ಡಬಾರದು ಎಂಬ ಮಾತಿನಿಂದ ಅದನ್ನು ತಳ್ಳಿಹಾಕುತ್ತಾನೆ. ಕೀರ್ತನೆಯನ್ನು ಶರಣಾಗತಿಯ ಮಾತಾಗಿ ಹಾಡುವುದು ಬೇರೆ, ಅದನ್ನು ಜೀವವಿಮೆಯ ಪತ್ರದಂತೆ ದೇವರ ಮುಂದೆ ಹಿಡಿಯುವುದು ಬೇರೆ. ಮೊದಲನೆಯದು ಭಕ್ತಿ. ಎರಡನೆಯದನ್ನು ಸುವಾರ್ತೆ ಯಾರ ಬಾಯಲ್ಲಿ ಇಟ್ಟಿದೆ ಎಂಬುದನ್ನು ಗಮನಿಸಬೇಕು.

ಸಾಂಕ್ರಾಮಿಕ ರೋಗದ ಕಾಲದಲ್ಲಿ ಕ್ರೈಸ್ತ ಭರವಸೆಯೆಂದರೆ ಏನು ಎಂಬ ಚರ್ಚೆಯನ್ನು ಇಲ್ಲಿಂದಲೇ ಆರಂಭಿಸುವುದು ಒಳ್ಳೆಯದು. ನಾನು ಹೇಳಬೇಕೆಂದಿರುವುದು ಇಷ್ಟು: ನಂಬಿದವರಿಗೆ ರೋಗದಿಂದ ವಿನಾಯಿತಿ ಇದೆ ಎಂಬ ಹಕ್ಕುಸಾಧನೆಯನ್ನು ಬಿಟ್ಟ ಮೇಲೆಯೇ ಕ್ರೈಸ್ತ ಭರವಸೆ ಶುರುವಾಗುತ್ತದೆ. ಆ ಹಕ್ಕನ್ನು ಬಿಟ್ಟವನಿಗೆ ಮಾತ್ರ ಪಕ್ಕದ ಮನೆಯಲ್ಲಿ ಮಲಗಿರುವ ರೋಗಿ ಕಾಣುತ್ತಾನೆ. ರೋಗಕಾಲದಲ್ಲಿ ನಂಬಿಕೆ ಹೊಸದಾಗುತ್ತದೆ ಎನ್ನುವುದು ನಿಜವಾದರೆ, ಅದು ಹೊಸದಾಗುವುದು ಈ ನೋಟದಲ್ಲಿ. ಇದು ನನ್ನ ಹೊಸ ಶೋಧವೇನೂ ಅಲ್ಲ. ಕ್ರೈಸ್ತ ಸಭೆ ದೊಡ್ಡ ರೋಗಗಳನ್ನು ಎದುರಿಸಿದಾಗಲೆಲ್ಲ ಅದರ ಒಳ್ಳೆಯ ತಲೆಗಳು ಇದನ್ನೇ ಹೇಳಿವೆ, ಅದರ ಕೆಟ್ಟ ಘಳಿಗೆಗಳಲ್ಲಿ ಸಭೆ ಇದನ್ನೇ ಮರೆತಿದೆ.

ಮೊದಲು ಕಾರ್ಥೇಜ್. ಇಂದಿನ ಟ್ಯುನೀಸಿಯಾದ ಕರಾವಳಿಯ ಆ ರೋಮನ್ ನಗರದಲ್ಲಿ ಮೂರನೆಯ ಶತಮಾನದ ನಡುವಿನಲ್ಲಿ ಸಿಪ್ರಿಯನ್ ಬಿಷಪ್ ಆಗಿದ್ದ. ಕ್ರಿ.ಶ. 250ರಲ್ಲಿ ಚಕ್ರವರ್ತಿ ಡೇಸಿಯಸ್, ಸಾಮ್ರಾಜ್ಯದ ಎಲ್ಲರೂ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದ್ದ. ಕಾರ್ಥೇಜಿನ ಬಹಳಷ್ಟು ಕ್ರೈಸ್ತರು ಹೆದರಿ ಬಲಿ ಅರ್ಪಿಸಿದರು. ಕೆಲವರು ಹಣ ಕೊಟ್ಟು ಪ್ರಮಾಣಪತ್ರ ಕೊಂಡರು. ಸಿಪ್ರಿಯನ್ ಸ್ವತಃ ಊರುಬಿಟ್ಟು ತಲೆಮರೆಸಿಕೊಂಡು, ಅಲ್ಲಿಂದಲೇ ಪತ್ರ ಬರೆದು ಸಭೆಯನ್ನು ನಡೆಸಿದ. ಕುರುಬನೇ ಓಡಿಹೋದ ಎಂಬ ಟೀಕೆ ಅವನ ಬೆನ್ನು ಬಿಡಲಿಲ್ಲ. ಹೀಗೆ ಒಡೆದು, ನಾಚಿ, ಪರಸ್ಪರ ದೂರುತ್ತಿದ್ದ ಸಭೆಯ ಮೇಲೆ ಮಹಾಮಾರಿ ಬಂದೆರಗಿತು. ಇಂದಿಗೂ ಇತಿಹಾಸಕಾರರು ಅದನ್ನು ಸಿಪ್ರಿಯನ್ನನ ಹೆಸರಿನಿಂದಲೇ ಕರೆಯುತ್ತಾರೆ, ರೋಗಲಕ್ಷಣಗಳನ್ನು ವಿವರವಾಗಿ ಬರೆದಿಟ್ಟವನು ಅವನೇ ಆದ್ದರಿಂದ: ನಿಲ್ಲದ ಭೇದಿ, ವಾಂತಿ, ಗಂಟಲಲ್ಲಿ ಉರಿ, ರಕ್ತ ಕಟ್ಟಿದ ಕಣ್ಣು, ಕೊಳೆತು ಹೋಗುವ ಕೈಕಾಲು.

ಆಗ ಅವನು ತನ್ನ ಸಭೆಗಾಗಿ ಮರಣವನ್ನು ಕುರಿತು ಒಂದು ಪ್ರಬಂಧ ಬರೆದ. ಅದರಲ್ಲಿ ಅವನು ಎತ್ತಿಕೊಳ್ಳುವ ಮೊದಲ ಗೊಣಗಾಟವೇ ನಮ್ಮದು: ದೇವರನ್ನು ಅರಿಯದವರಿಗೆ ಬಂದ ರೋಗ ನಮಗೂ ಬರುತ್ತಿದೆಯಲ್ಲ, ಇದು ಯಾವ ನ್ಯಾಯ? ಸಿಪ್ರಿಯನ್ ಸಮಾಧಾನ ಹೇಳಲು ಹೋಗುವುದಿಲ್ಲ. ಈ ಲೋಕದಲ್ಲಿರುವಷ್ಟು ಕಾಲ ನಮ್ಮ ಮೈ ಎಲ್ಲರ ಮೈಯಂಥದ್ದೇ ಎಂದು ನೇರವಾಗಿ ಹೇಳುತ್ತಾನೆ. ಮಳೆ ಹೋದರೆ ಬರ ಎಲ್ಲರಿಗೂ ಬರುತ್ತದೆ, ಹಡಗು ಬಂಡೆಗೆ ಬಡಿದರೆ ಎಲ್ಲರೂ ಮುಳುಗುತ್ತಾರೆ, ಕಣ್ಣುಬೇನೆಗೂ ಜ್ವರಕ್ಕೂ ಜ್ಞಾನಸ್ನಾನ ಪಡೆದವರು, ಪಡೆಯದವರು ಎಂಬ ಭೇದವಿಲ್ಲ ಎಂಬುದು ಅವನ ವಾದ. ಆಗಲೇ ವಿನಾಯಿತಿಯ ಆಸೆಗೆ ತೆರೆ ಬಿತ್ತು.

ಆಮೇಲೆ ಅವನು ಪ್ರಶ್ನೆಯನ್ನೇ ತಿರುಗಿಸುತ್ತಾನೆ. ಈ ಮಾರಿ ಒಬ್ಬೊಬ್ಬರ ಮನಸ್ಸನ್ನೂ ಪರೀಕ್ಷಿಸುತ್ತಿದೆ ಎನ್ನುತ್ತಾನೆ. ಗಟ್ಟಿಮುಟ್ಟಾಗಿರುವವರು ರೋಗಿಗಳನ್ನು ನೋಡಿಕೊಳ್ಳುತ್ತಾರೆಯೇ, ನೆಂಟರಿಗೆ ನೆಂಟರ ಮೇಲೆ ಪ್ರೀತಿ ಉಳಿದಿದೆಯೇ, ಒಡೆಯರು ಕಾಯಿಲೆ ಬಿದ್ದ ಗುಲಾಮರಿಗೆ ಮರುಗುತ್ತಾರೆಯೇ, ವೈದ್ಯರು ಕರೆದವರ ಮನೆಗೆ ಹೋಗುತ್ತಾರೆಯೇ ಎಂದು ಒಂದೊಂದಾಗಿ ಎಣಿಸುತ್ತಾನೆ. ಗಮನಿಸಿ, ಈ ಪಟ್ಟಿಯಲ್ಲಿ ಯಾರು ಎಷ್ಟು ಜಪ ಮಾಡಿದರು ಎಂಬ ಬಾಬತ್ತು ಇಲ್ಲ. ರೋಗ ಯಾಕೆ ಬಂತು ಎಂಬುದರಿಂದ, ರೋಗ ಬಂದಾಗ ನಾವು ಯಾರ ಹತ್ತಿರ ಹೋದೆವು ಎಂಬುದಕ್ಕೆ ಮಾತು ಹೊರಳಿತು. ಅವನ ಚರಿತ್ರೆ ಬರೆದ ಪೊಂಟಿಯಸ್ ಹೇಳುವಂತೆ, ಬೀದಿಗಳಲ್ಲಿ ಹೆಣ ಬಿದ್ದಿದ್ದ ಆ ದಿನಗಳಲ್ಲಿ ಸಿಪ್ರಿಯನ್ ಜನರನ್ನು ಸೇರಿಸಿ, ಉಳ್ಳವರಿಂದ ಹಣವನ್ನೂ ಇಲ್ಲದವರಿಂದ ಮೈದುಡಿಮೆಯನ್ನೂ ಪಡೆದು ಆರೈಕೆಯ ಕೆಲಸ ಹಂಚಿದ. ಆರೈಕೆ ನಮ್ಮವರಿಗಷ್ಟೇ ಸೀಮಿತವಾದರೆ ಅದರಲ್ಲಿ ಹೆಚ್ಚುಗಾರಿಕೆ ಏನು ಎಂಬುದು ಅವನ ನಿಲುವು. ಹೊರಗಿನವರೆಂದರೆ ಯಾರು? ಎರಡು ವರ್ಷದ ಹಿಂದೆ ಇದೇ ಕ್ರೈಸ್ತರನ್ನು ಹಿಡಿದು ಕೊಟ್ಟ ನೆರೆಹೊರೆಯವರೂ ಅದರಲ್ಲಿದ್ದರು. ಬಲಿಪೀಠದ ಮುಂದೆ ಸೋತಿದ್ದ ಸಭೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ತನ್ನ ಮಾನವನ್ನು ಮರಳಿ ಪಡೆಯಲು ಇದೊಂದು ದಾರಿಯಾಯಿತು. 258ರಲ್ಲಿ ಮತ್ತೆ ಹಿಂಸೆ ಬಂದಾಗ ಸಿಪ್ರಿಯನ್ ಓಡಲಿಲ್ಲ. ಅವನ ತಲೆ ಕಡಿದರು.

ಸಿಪ್ರಿಯನ್ನನ ಎಲ್ಲ ಮಾತನ್ನೂ ನಾನು ಒಪ್ಪಲಾರೆ. ಸತ್ತ ಬಂಧುಗಳಿಗಾಗಿ ಕಪ್ಪುಬಟ್ಟೆ ತೊಟ್ಟು ಶೋಕಿಸಬೇಡಿ, ಅವರು ಮುಂದೆ ಹೋಗಿದ್ದಾರೆ ಅಷ್ಟೆ ಎಂದು ಅವನು ಬೋಧಿಸುತ್ತಾನೆ. ಪುನರುತ್ಥಾನದಲ್ಲಿ ನಂಬಿಕೆಯಿಟ್ಟವನ ತರ್ಕ ಅದು. ಆದರೆ ಲಾಜರನ ಸಮಾಧಿಯ ಮುಂದೆ ಯೇಸುವೇ ಅತ್ತನೆಂದು ಯೋವಾನ್ನನ ಸುವಾರ್ತೆ ಹೇಳುತ್ತದೆ. ಇನ್ನು ಕೆಲವೇ ಗಳಿಗೆಯಲ್ಲಿ ಅವನನ್ನು ಎಬ್ಬಿಸಲಿದ್ದವನೂ ಅತ್ತ. ಅಳುವನ್ನು ಅಡಗಿಸುವ ಭರವಸೆಯನ್ನು ನಾವು ಅನುಮಾನಿಸಬೇಕು. ಹಾಗೆಯೇ, ಅದೇ ಕಾಲದ ಅಲೆಕ್ಸಾಂಡ್ರಿಯದ ಬಿಷಪ್ ಡಯೋನೀಸಿಯಸ್ ತನ್ನ ಪಾಸ್ಖದ ಪತ್ರದಲ್ಲಿ, ಕ್ರೈಸ್ತರು ರೋಗಿಗಳನ್ನು ನೋಡಿಕೊಂಡು ಅವರ ಜತೆಗೇ ಸತ್ತರು, ಇತರರು ಸ್ವಂತ ಬಂಧುಗಳನ್ನೇ ಬೀದಿಗೆ ತಳ್ಳಿದರು ಎಂದು ಬರೆದದ್ದನ್ನು ಯೂಸೇಬಿಯಸ್ ತನ್ನ ಸಭಾ ಇತಿಹಾಸದಲ್ಲಿ ಉಳಿಸಿದ್ದಾನೆ. ಮೊದಲರ್ಧವನ್ನು ನಂಬಬಹುದು. ಎರಡನೆಯರ್ಧವನ್ನು ಪ್ರತಿಪಕ್ಷದವನ ಮಾತೆಂದು ಸ್ವಲ್ಪ ಕಡಿಮೆ ಮಾಡಿಯೇ ಓದಬೇಕು. ಯಾವ ಊರಿನಲ್ಲೂ ಕರುಣೆ ಒಂದೇ ಮತದ ಸ್ವತ್ತಾಗಿರಲಿಲ್ಲ.

ಈ ವಿಚಾರ ಸ್ಪಷ್ಟವಾಗಿ, ಅಂದಿನ ದಿನಚರಿಗೆ ಇಳಿಯುವಂತೆ ಬಂದದ್ದು 1527ರಲ್ಲಿ, ಜರ್ಮನಿಯ ವಿಟೆನ್‌ಬರ್ಗಿನಲ್ಲಿ. ಆಗಸ್ಟ್ ಮೊದಲ ವಾರ ಆ ಊರಿಗೆ ಪ್ಲೇಗ್ ಬಂತು. ವಿಶ್ವವಿದ್ಯಾಲಯ ಯೇನಾ ಪಟ್ಟಣಕ್ಕೆ ಸ್ಥಳಾಂತರವಾಯಿತು. ನೀನೂ ಹೊರಡು ಎಂದು ಸ್ಯಾಕ್ಸನಿಯ ಪ್ರಭು ಮಾರ್ಟಿನ್ ಲೂಥರನಿಗೆ ಹೇಳಿ ಕಳುಹಿಸಿದ. ಲೂಥರ್ ಹೋಗಲಿಲ್ಲ. ಅವನೇನೂ ಆಗ ಧೈರ್ಯದ ಮೂರ್ತಿಯಾಗಿರಲಿಲ್ಲ. ಜುಲೈ ತಿಂಗಳಲ್ಲಿ ಕುಸಿದು ಬಿದ್ದಿದ್ದ, ತಿಂಗಳುಗಟ್ಟಲೆ ಮನಸ್ಸು ಕತ್ತಲಾಗಿತ್ತು, ನನಗಾಗಿ ಪ್ರಾರ್ಥಿಸಿ ಎಂದು ಗೆಳೆಯರಿಗೆ ಬರೆಯುತ್ತಿದ್ದ. ಹೆಂಡತಿ ಕ್ಯಾಥರೀನ ತುಂಬು ಬಸುರಿನ ಕಡೆಗೆ ಸಾಗುತ್ತಿದ್ದಳು, ಪುಟ್ಟ ಮಗ ಹಾನ್ಸ್ ಕಾಯಿಲೆ ಬಿದ್ದ. ಅವರಿದ್ದ ಹಳೆಯ ಮಠದ ಕಟ್ಟಡ ಆಸ್ಪತ್ರೆಯಾಯಿತು. ಊರಿನ ಮುಖ್ಯಸ್ಥನ ಹೆಂಡತಿ ಬಹುತೇಕ ಅವನ ತೋಳಿನಲ್ಲೇ ಸತ್ತಳು.

ಆ ದಿನಗಳಲ್ಲೇ ಬ್ರೆಸ್ಲಾವಿನ ಪಾದ್ರಿ ಯೋಹಾನ್ ಹೆಸ್, ಮಾರಣಾಂತಿಕ ಪ್ಲೇಗ್ ಬಂದಾಗ ಕ್ರೈಸ್ತನು ಓಡಿಹೋಗಬಹುದೇ ಎಂದು ಕೇಳಿದ್ದ. ಲೂಥರನ ಉತ್ತರ ಪುಟ್ಟ ಪುಸ್ತಿಕೆಯಾಗಿ ಅಚ್ಚಾಯಿತು. ಓಡುವುದು ಪಾಪ ಎಂದು ಅವನು ಒಂದೇ ಏಟಿಗೆ ತೀರ್ಪು ಕೊಡುವುದಿಲ್ಲ. ಪ್ರಾಣ ಉಳಿಸಿಕೊಳ್ಳುವ ಆಸೆ ದೇವರೇ ಇಟ್ಟದ್ದು, ಅದು ತಪ್ಪಲ್ಲ ಎನ್ನುತ್ತಾನೆ. ಮನೆಗೆ ಬೆಂಕಿ ಬಿದ್ದರೆ ಹೊರಗೆ ಓಡುವವನನ್ನು ಯಾರೂ ಅವಿಶ್ವಾಸಿ ಎನ್ನುವುದಿಲ್ಲವಲ್ಲ. ಆದರೆ ಹೊಣೆ ಹೊತ್ತವರ ವಿಷಯ ಬೇರೆ. ಬೋಧಕ, ಊರಿನ ಮುಖ್ಯಸ್ಥ, ನ್ಯಾಯಾಧೀಶ, ವೈದ್ಯ ಇವರು ಜಾಗ ಬಿಡಬಾರದು. ಆಳಿಗೆ ಒಡೆಯನಿಲ್ಲದೆ, ಒಡೆಯನಿಗೆ ಆಳಿಲ್ಲದೆ, ಮಕ್ಕಳಿಗೆ ತಂದೆತಾಯಿಯಿಲ್ಲದೆ ಯಾರೊಬ್ಬರೂ ಒಂಟಿಯಾಗಿ ಬೀಳಬಾರದು. ರೋಗಿಯನ್ನು ನೋಡಿಕೊಳ್ಳಲು ಬೇರೆಯವರು ಇದ್ದಾರೆ ಎಂಬುದು ಖಾತ್ರಿಯಾದರೆ ಉಳಿದವರು ಹೋಗಲಿ, ಇರಲಿ, ಇಬ್ಬರೂ ಪರಸ್ಪರ ತೀರ್ಪು ಮಾಡುವುದು ಬೇಡ. ಭರವಸೆಯ ಅಳತೆ ಎದೆಗಾರಿಕೆಯಲ್ಲಿಲ್ಲ. ಕೈಬಿಡಲಾಗದ ಮನುಷ್ಯರು ಯಾರು ಎಂಬ ಲೆಕ್ಕದಲ್ಲಿದೆ.

ಆ ಪತ್ರದ ಇನ್ನೊಂದು ಭಾಗ ನಮ್ಮ ಕಾಲಕ್ಕೆ ಇನ್ನೂ ಹತ್ತಿರ. ಪ್ಲೇಗ್ ಹರಡುವುದು ಗಾಳಿಯನ್ನು ವಿಷವಾಗಿಸುವ ದುಷ್ಟಶಕ್ತಿಗಳಿಂದ ಎಂದು ಲೂಥರ್ ನಂಬಿದ್ದ. ರೋಗದ ಕಾರಣ ಗೊತ್ತಾಗಲು 1894ರಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಅದರ ಸೂಕ್ಷ್ಮಜೀವಿಯನ್ನು ಗುರುತಿಸುವವರೆಗೆ ಕಾಯಬೇಕಾಯಿತು. ಕಾರಣ ಗೊತ್ತಿಲ್ಲದಿದ್ದರೂ ಲೂಥರ್ ಮಾಡಬೇಕಾದ್ದನ್ನು ಹೇಳಿದ: ಮನೆಗೆ ಹೊಗೆ ಹಾಕಿ ಶುಚಿಗೊಳಿಸಿ, ಔಷಧ ತೆಗೆದುಕೊಳ್ಳಿ, ನಿಮ್ಮ ಅಗತ್ಯವಿಲ್ಲದ ಕಡೆ ಹೋಗಬೇಡಿ, ನಿಮ್ಮಿಂದ ಇನ್ನೊಬ್ಬರಿಗೆ ರೋಗ ತಗುಲದಂತೆ ನೋಡಿಕೊಳ್ಳಿ. ದೇವರು ಕಾಪಾಡುತ್ತಾನೆ ಎಂದುಕೊಂಡು ಔಷಧವನ್ನು ಧಿಕ್ಕರಿಸುವವನು ದೇವರನ್ನು ಪರೀಕ್ಷಿಸುತ್ತಿದ್ದಾನೆ ಎಂದ. ತಿಳಿದೂ ತಿಳಿದೂ ರೋಗ ಹಂಚುವವರನ್ನು ಕೊಲೆಗಾರರ ಸಾಲಿಗೆ ಸೇರಿಸಿದ. ಮನೆಮನೆಯೂ ಆಸ್ಪತ್ರೆಯಾಗುವ ಬದಲು ಆಡಳಿತವೇ ಸಾರ್ವಜನಿಕ ಆಸ್ಪತ್ರೆ ನಡೆಸುವುದು ಒಳ್ಳೆಯದೆಂದ, ಸಮಾಧಿಭೂಮಿಯನ್ನು ಊರಾಚೆಗೆ ಇಡಬೇಕೆಂದ. ಓಡಿಹೋಗುವ ಹೇಡಿತನ, ಮುನ್ನುಗ್ಗುವ ಉದ್ಧಟತನ, ಈ ಎರಡನ್ನೂ ಒಂದೇ ಪಾಪದ ಎರಡು ಮುಖವಾಗಿ ಅವನು ಕಂಡ. ಎರಡರಲ್ಲೂ ಮನುಷ್ಯ ತನ್ನನ್ನು ಮಾತ್ರ ನೋಡುತ್ತಿರುತ್ತಾನೆ.

ಕೋವಿಡ್ ಕಾಲದಲ್ಲಿ ಅಮೆರಿಕದ ಕೆಲವು ಬೋಧಕರು ನಿರ್ಬಂಧಗಳನ್ನು ಮುರಿದು ಆರಾಧನೆ ನಡೆಸಿ ಅದನ್ನು ನಂಬಿಕೆಯ ಹೋರಾಟವೆಂದು ಕರೆದರು. ಇಲ್ಲಿಯೂ ಮಾಸ್ಕ್ ತೊಟ್ಟು ಪ್ರಾರ್ಥಿಸುವವನನ್ನು ಅಲ್ಪವಿಶ್ವಾಸಿ ಎಂದು ಹಂಗಿಸಿದವರುಂಟು. ಅವರಿಗೆ ಉತ್ತರ ವಿಟೆನ್‌ಬರ್ಗಿನಲ್ಲಷ್ಟೇ ಇಲ್ಲ. 1576ರಲ್ಲಿ ಮಿಲಾನಿನಲ್ಲಿ ಪ್ಲೇಗ್ ಬಂದು ಜನ ಮನೆಯಲ್ಲೇ ಇರಬೇಕೆಂಬ ಆಜ್ಞೆಯಾದಾಗ ಆರ್ಚ್‌ಬಿಷಪ್ ಕಾರ್ಲೊ ಬೊರೊಮಿಯೊ ಬೀದಿ ಕೂಡುವ ಜಾಗಗಳಲ್ಲಿ ಬಲಿಪೀಠಗಳನ್ನು ಇಡಿಸಿದ. ಜನ ಕಿಟಕಿಯಲ್ಲಿ ನಿಂತು ಬಲಿಪೂಜೆಯಲ್ಲಿ ಪಾಲ್ಗೊಂಡರು. 1666ರಲ್ಲಿ ಇಂಗ್ಲೆಂಡಿನ ಡರ್ಬಿಶೈರಿನ ಈಮ್ ಎಂಬ ಹಳ್ಳಿಯಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್, ತನ್ನ ಹಿಂದಿನ ಪಾದ್ರಿಯಾಗಿದ್ದ ಪ್ಯೂರಿಟನ್ ಥಾಮಸ್ ಸ್ಟ್ಯಾನ್ಲಿಯ ಜತೆ ಸೇರಿ, ರೋಗ ಸುತ್ತಲ ಊರುಗಳಿಗೆ ಹಬ್ಬದಂತೆ ಹಳ್ಳಿ ತನಗೆ ತಾನೇ ಗಡಿ ಹಾಕಿಕೊಳ್ಳುವಂತೆ ಒಪ್ಪಿಸಿದ. ಅದುವರೆಗೆ ಇಬ್ಬರೂ ಎರಡು ಬಣದವರು. ಚರ್ಚಿನ ಬಾಗಿಲು ಮುಚ್ಚಿತು, ಆರಾಧನೆ ಬಯಲಿನ ಕಣಿವೆಯಲ್ಲಿ, ಕುಟುಂಬ ಕುಟುಂಬಗಳು ದೂರ ದೂರ ನಿಂತು ನಡೆಯಿತು. ಗಡಿಯ ಕಲ್ಲಿನ ಕುಳಿಯಲ್ಲಿ ವಿನೆಗರ್ ತುಂಬಿ ಅದರಲ್ಲಿ ನಾಣ್ಯ ಇಟ್ಟರೆ, ಹೊರಗಿನವರು ಆಹಾರ ಇಟ್ಟು ಹೋಗುತ್ತಿದ್ದರು. ಸುಮಾರು 260 ಜನ ಸತ್ತರು; ಆಗಸ್ಟಿನಲ್ಲಿ ಮಾಂಪೆಸನ್ನನ ಹೆಂಡತಿ ಕ್ಯಾಥರೀನ್ ಸತ್ತಳು.

ಈಮ್ ಹಳ್ಳಿಯ ಕಥೆಯನ್ನು ಬರೀ ತ್ಯಾಗದ ಪುರಾಣ ಮಾಡುವುದು ಸರಿಯಲ್ಲ. ಅನುಕೂಲವಿದ್ದವರು ಮೊದಲೇ ಊರು ಬಿಟ್ಟಿದ್ದರು, ಪಾದ್ರಿಯೂ ತನ್ನ ಮಕ್ಕಳನ್ನು ಮೊದಲೇ ದೂರ ಕಳುಹಿಸಿದ್ದ. ಉಳಿದವರಲ್ಲಿ ಎಷ್ಟು ಮಂದಿ ಮನಸಾರೆ ಒಪ್ಪಿದ್ದರು, ಎಷ್ಟು ಮಂದಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ ಎಂದು ಕೇಳಲೇಬೇಕು. ತ್ಯಾಗದ ಭಾರ ಸಾಮಾನ್ಯವಾಗಿ ಬಡವರ ಹೆಗಲಿಗೇ ಬೀಳುತ್ತದೆ ಎಂಬುದನ್ನು 2020ರಲ್ಲಿ ಹೆದ್ದಾರಿಗಳಲ್ಲಿ ನಡೆದುಹೋದ ವಲಸೆ ಕಾರ್ಮಿಕರೂ ನಮಗೆ ತೋರಿಸಿದರು. ಆದರೂ ಒಂದು ಮಾತು ನಿಲ್ಲುತ್ತದೆ. ದೂರ ಇರುವುದೂ ಪ್ರೀತಿಯ ಕ್ರಮವಾಗಬಲ್ಲದು, ಬಾಗಿಲು ಮುಚ್ಚಿದ ಚರ್ಚೂ ಪ್ರಾರ್ಥಿಸಬಲ್ಲದು. 2020ರ ಮಾರ್ಚ್ 27ರ ಸಂಜೆ, ಮಳೆಯಲ್ಲಿ ನೆನೆಯುತ್ತಿದ್ದ ಸಂತ ಪೇತ್ರರ ಖಾಲಿ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಒಬ್ಬರೇ ನಿಂತು ಲೋಕಕ್ಕೆ ಆಶೀರ್ವಾದ ಕೊಟ್ಟರು. ರೋಮಿಗೆ 1522ರಲ್ಲಿ ಪ್ಲೇಗ್ ಬಂದಾಗ ಬೀದಿಬೀದಿಯಲ್ಲಿ ಮೆರವಣಿಗೆ ಹೋದ ಶಿಲುಬೆಯನ್ನು ಈ ಬಾರಿ ಅಲ್ಲಿ ತಂದಿಟ್ಟಿದ್ದರು, ಮೆರವಣಿಗೆ ಮಾತ್ರ ಇರಲಿಲ್ಲ. ಬೆಂಗಳೂರಿನ ಶಿವಾಜಿನಗರದಲ್ಲಿ ಆ ಸೆಪ್ಟೆಂಬರ್ 8ರಂದು, ಕಾವಿ ಉಟ್ಟ ಭಕ್ತರ ಎಂದಿನ ಜನಸಾಗರವಿಲ್ಲದೆಯೇ ಮರಿಯಮ್ಮನವರ ಹಬ್ಬ ಕಳೆಯಿತು. ನಂಬಿಕೆಗೆ ಅದರಿಂದ ಧಕ್ಕೆಯಾಗಲಿಲ್ಲ. ಜನಸಂದಣಿಯನ್ನೇ ನಂಬಿಕೆ ಎಂದುಕೊಂಡಿದ್ದವರಿಗೆ ಮಾತ್ರ ಧಕ್ಕೆಯಾಯಿತು.

ಇಲ್ಲಿಯವರೆಗೆ ಹೇಳಿದ್ದು ಬೆಳಕಿನ ಕಡೆ. ಚರಿತ್ರೆಯ ಇನ್ನೊಂದು ಪುಟ ತೆರೆಯದಿದ್ದರೆ ಈ ವಾದ ಅಪ್ರಾಮಾಣಿಕವಾಗುತ್ತದೆ. 1348–49ರಲ್ಲಿ ಯುರೋಪಿನ ಮೇಲೆ ಮಹಾಪ್ಲೇಗ್ ಎರಗಿದಾಗ, ಬಾವಿಗಳಿಗೆ ಯಹೂದಿಗಳು ವಿಷ ಹಾಕಿದ್ದಾರೆಂದು ಸುದ್ದಿ ಹಬ್ಬಿತು. ಕ್ರೈಸ್ತ ಪಟ್ಟಣಗಳು ತಮ್ಮ ಯಹೂದಿ ನೆರೆಯವರನ್ನು ಕೊಂದವು. ಸ್ಟ್ರಾಸ್‌ಬರ್ಗಿನಲ್ಲಿ 1349ರ ಫೆಬ್ರವರಿ 14ರಂದು ನೂರಾರು ಜನರನ್ನು ಸುಟ್ಟರು. ಅಲ್ಲಿಗೆ ಪ್ಲೇಗ್ ಆಗ ಇನ್ನೂ ಬಂದಿರಲಿಲ್ಲ. ಪೋಪ್ ಆರನೆಯ ಕ್ಲೆಮೆಂಟ್, ಯಹೂದಿಗಳೂ ಇದೇ ರೋಗದಿಂದ ಸಾಯುತ್ತಿದ್ದಾರೆ, ಯಹೂದಿಗಳೇ ಇಲ್ಲದ ನಾಡುಗಳಲ್ಲೂ ರೋಗವಿದೆ, ಆದ್ದರಿಂದ ಆರೋಪ ನಿಲ್ಲದು ಎಂದು ಶಾಸನ ಹೊರಡಿಸಿದರು. ಕೇಳಿದವರು ಕಡಿಮೆ. ಪ್ಲೇಗ್ ಬಗ್ಗೆ ಅಷ್ಟು ವಿವೇಕದಿಂದ ಬರೆದ ಲೂಥರನೂ 1543ರಲ್ಲಿ ಯಹೂದಿಗಳ ವಿರುದ್ಧ ವಿಷ ಕಾರಿದ ಪುಸ್ತಕ ಬರೆದ ಎಂಬುದನ್ನು ಮರೆಯಕೂಡದು.

ಈ ಕ್ರೌರ್ಯಕ್ಕೂ ವಿನಾಯಿತಿಯ ಆಸೆಗೂ ನಂಟಿದೆ. ನಂಬಿದವರಿಗೆ ರೋಗ ಬರಬಾರದು ಎಂದು ಒಮ್ಮೆ ಒಪ್ಪಿಕೊಂಡರೆ, ಬಂದಾಗ ಅದಕ್ಕೊಬ್ಬ ಅಪರಾಧಿ ಬೇಕಾಗುತ್ತಾನೆ. ಒಂದೋ ಸತ್ತವನು ಗುಟ್ಟಾಗಿ ಪಾಪಿಯಾಗಿರಬೇಕು, ಇಲ್ಲವೇ ಹೊರಗಿನವನು ವಿಷ ಹಾಕಿರಬೇಕು. ಸಿಲೋವದ ಗೋಪುರ ಬಿದ್ದು ಹದಿನೆಂಟು ಜನ ಸತ್ತದ್ದನ್ನು ಎತ್ತಿ, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದು ತಿಳಿದಿರೋ ಎಂದು ಯೇಸು ಕೇಳಿದ್ದು ಮೊದಲ ಯೋಚನೆಗೆ ಉತ್ತರ. ಎರಡನೆಯ ಯೋಚನೆ ಎಷ್ಟು ಸಲೀಸಾಗಿ ಬರುತ್ತದೆ ಎಂಬುದನ್ನು ನಾವು ನಮ್ಮ ಕಣ್ಣಾರೆ ಕಂಡಿದ್ದೇವೆ. 2020ರ ಏಪ್ರಿಲಿನಲ್ಲಿ ದೆಹಲಿಯ ನಿಜಾಮುದ್ದೀನಿನ ಒಂದು ಧಾರ್ಮಿಕ ಸಭೆಯ ನೆಪದಲ್ಲಿ ಇಡೀ ಮುಸ್ಲಿಂ ಸಮುದಾಯವನ್ನು ರೋಗದ ವಾಹಕರೆಂದು ಬಿಂಬಿಸಲಾಯಿತು. ತರಕಾರಿ ಗಾಡಿಯವನ ಹೆಸರು ಕೇಳಿ ಕೊಳ್ಳುವ ಕಾಲ ಬಂತು. ಆ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆ ಸಭೆಯಲ್ಲಿದ್ದ ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದು ಮಾಡಿ, ಅವರನ್ನು ಬಲಿಪಶು ಮಾಡಲಾಗಿದೆ ಎಂದಿತು. ಆ ದಿನಗಳಲ್ಲಿ ಕ್ರೈಸ್ತ ಸಭೆಗಳು ಸ್ಟ್ರಾಸ್‌ಬರ್ಗನ್ನು ನೆನೆದು ಗಟ್ಟಿಯಾಗಿ ಮಾತಾಡಬೇಕಿತ್ತು. ನಮ್ಮ ಪಲ್ಪಿಟ್ಟುಗಳಿಂದ ಬೇಕಾದಷ್ಟು ಮಾತು ಬರಲಿಲ್ಲ ಎಂದೇ ನನ್ನ ಅನಿಸಿಕೆ.

ರೋಗಕಾಲದಲ್ಲಿ ಧರ್ಮದ ಬಣ್ಣ ಬಯಲಾಗುವುದು ಹೆಣದ ಮುಂದೆ ಎಂಬುದು ಕನ್ನಡ ಓದುಗರಿಗೆ ಹೊಸ ವಿಷಯವಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಅಗ್ರಹಾರಕ್ಕೆ ಪ್ಲೇಗ್ ಬಂದಿದೆ, ನಾರಣಪ್ಪನ ಹೆಣ ಮನೆಯಲ್ಲಿ ಕೊಳೆಯುತ್ತಿದೆ, ಯಾರು ಸಂಸ್ಕಾರ ಮಾಡಬೇಕೆಂದು ಶಾಸ್ತ್ರಗ್ರಂಥಗಳನ್ನು ಹುಡುಕಲಾಗುತ್ತಿದೆ. ಕೊನೆಗೆ ನಾರಣಪ್ಪನ ಸಂಗಾತಿ ಚಂದ್ರಿ ಕರೆದಾಗ ಬಂದು ಹೆಣ ಸುಡುವವನು ಅಹಮದ್ ಬ್ಯಾರಿ. ಈ ಪ್ರಶ್ನೆ ಒಂದು ಅಗ್ರಹಾರದ್ದಷ್ಟೇ ಅಲ್ಲ, ಪ್ರತಿಯೊಂದು ಇಗರ್ಜಿಯದ್ದೂ ಹೌದು. 2020ರಲ್ಲಿ ಚೆನ್ನೈನಲ್ಲಿ ಕೋವಿಡ್‌ನಿಂದ ಸತ್ತ ವೈದ್ಯರೊಬ್ಬರ ಶವವನ್ನು ಹೂಳಲು ಬಿಡದೆ ಜನ ಕಲ್ಲೆಸೆದದ್ದು ದೇಶವೇ ನೋಡಿದ ಸುದ್ದಿ. ಅದೇ ಹೊತ್ತಿಗೆ ಬೆಂಗಳೂರಿನಂಥ ಊರುಗಳಲ್ಲಿ ಕ್ರೈಸ್ತ, ಮುಸ್ಲಿಂ ಯುವಕ ಯುವತಿಯರು ಪಿಪಿಇ ತೊಟ್ಟು, ಬಂಧುಗಳು ಬರಲಾಗದ ಹೆಣಗಳನ್ನು ಆಯಾ ಧರ್ಮದ ವಿಧಿಯಂತೆ ಮಣ್ಣು ಮಾಡಿದರು, ಚಿತೆಗೇರಿಸಿದರು. ಕಾರ್ಥೇಜಿನ ಪಟ್ಟಿಯಲ್ಲಿ ಅವರ ಹೆಸರು ಸೇರಬೇಕು.

ನಮ್ಮ ಕರಾವಳಿಯಲ್ಲಿ ಇದಕ್ಕೆ ಹಳೆಯ ನಿದರ್ಶನವೊಂದಿದೆ. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ಕಟ್ಟಿದರು. 1902ರಲ್ಲಿ ಪ್ಲೇಗ್ ಬಂದಾಗ ಅದಕ್ಕೂ ಆಸ್ಪತ್ರೆ ಮಾಡಿದರು. ಆಗ ಪ್ಲೇಗಿಗೆ ವಾಸಿ ಮಾಡುವ ಔಷಧವೇ ಇರಲಿಲ್ಲ. ಆ ರೋಗಕ್ಕೆ ಮದ್ದಾದ ಆಂಟಿಬಯಾಟಿಕ್ ಬಂದದ್ದು 1940ರ ದಶಕದಲ್ಲಿ. ಆದ್ದರಿಂದ ಅಂದಿನ ಆಸ್ಪತ್ರೆಯಲ್ಲಿ ರೋಗಿಗೆ ಖಂಡಿತವಾಗಿ ಸಿಗುತ್ತಿದ್ದುದು ಹಾಸಿಗೆ, ನೀರು, ಗಂಜಿ, ಪಕ್ಕದಲ್ಲೊಬ್ಬ ಮನುಷ್ಯ. ಭರವಸೆ ಎಂಬುದಕ್ಕೆ ಇಷ್ಟು ಸಣ್ಣ, ಇಷ್ಟು ಗಟ್ಟಿಯಾದ ಅರ್ಥವೂ ಇದೆ. 1910ರಲ್ಲಿ ತೀರಿಕೊಂಡ ಆ ಪಾದ್ರಿಯ ಕೆಲಸ ಇಂದು ದೊಡ್ಡ ವೈದ್ಯಕೀಯ ಸಂಸ್ಥೆಯಾಗಿ ಬೆಳೆದಿದೆ.

ಇಲ್ಲೊಂದು ಆಕ್ಷೇಪ ಬಂದೇ ಬರುತ್ತದೆ: ಈ ಸೇವೆಯೆಲ್ಲ ಮತಾಂತರದ ಗಾಳವಲ್ಲವೇ? ಆಕ್ಷೇಪ ಇಂದಿನದಲ್ಲ. 362ರ ಸುಮಾರಿಗೆ ಕ್ರೈಸ್ತಮತ ಬಿಟ್ಟು ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ಕಟ್ಟಲು ಹೊರಟ ಚಕ್ರವರ್ತಿ ಜೂಲಿಯನ್, ಈ ಗಲಿಲಾಯರು (ಎಂದರೆ ಕ್ರೈಸ್ತರು) ತಮ್ಮ ಬಡವರ ಜತೆಗೆ ನಮ್ಮ ಬಡವರನ್ನೂ ಸಾಕುತ್ತಾರೆ, ನಮಗೆ ಇದು ನಾಚಿಕೆ ಎಂದು ತನ್ನ ಪುರೋಹಿತನಿಗೆ ಬರೆದ. 1996ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಡ್ನಿ ಸ್ಟಾರ್ಕ್, ರೋಮನ್ ಸಾಮ್ರಾಜ್ಯದಲ್ಲಿ ಕ್ರೈಸ್ತರ ಸಂಖ್ಯೆ ಏರಲು ಮಹಾಮಾರಿಗಳ ಕಾಲದ ಆರೈಕೆಯೂ ಒಂದು ಕಾರಣ, ಅನ್ನನೀರು ಕೊಟ್ಟು ನೋಡಿಕೊಂಡದ್ದರಿಂದಲೇ ಬಹಳ ಮಂದಿ ಬದುಕಿ ಉಳಿದರು ಎಂದು ವಾದಿಸಿದರು. ಕ್ರೈಸ್ತ ಬೋಧಕರು ಈ ವಾದವನ್ನು ಸಂತೋಷದಿಂದ ಎತ್ತಿಕೊಳ್ಳುತ್ತಾರೆ. ನನಗೆ ಅಲ್ಲೇ ಅಪಾಯ ಕಾಣುತ್ತದೆ. ಸೇವೆಯಿಂದ ಸಭೆ ಬೆಳೆದಿರಬಹುದು. ಬೆಳೆಯಲೆಂದು ಮಾಡಿದ ಸೇವೆ ಬೇರೆಯೇ ವಸ್ತು. ಹಾಸಿಗೆ ಹಿಡಿದವನ ನಿಸ್ಸಹಾಯಕತೆಯನ್ನು ಅವಕಾಶವೆಂದು ಎಣಿಸಿದರೆ ಅದು ಸಿಪ್ರಿಯನ್ನನ ಪರೀಕ್ಷೆಯಲ್ಲಿ ಸೋತಂತೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ, ರೋಗಿಯನ್ನು ನೋಡಲು ಹೋದವರಿಗೆ ತಾವು ನೋಡಿದ್ದು ಕ್ರಿಸ್ತನನ್ನು ಎಂಬುದೇ ಗೊತ್ತಿರುವುದಿಲ್ಲ. ಅವರು ಲಾಭದ ಲೆಕ್ಕ ಇಟ್ಟಿರಲಿಲ್ಲ ಎನ್ನುವುದೇ ಆ ಕಥೆಯ ಜೀವಾಳ. ಆಕ್ಷೇಪಕ್ಕೆ ಮಾತಿನ ಉತ್ತರಕ್ಕಿಂತ, ವಾಸಿಯಾದವನು ಯಾವ ಋಣಭಾರವೂ ಇಲ್ಲದೆ ಬಂದ ಹಾಗೆಯೇ ಮನೆಗೆ ಹೋಗುವಂತೆ ನೋಡಿಕೊಳ್ಳುವುದೇ ಉತ್ತರ.

ಇದಕ್ಕಿಂತ ಆಳವಾದ ಆಕ್ಷೇಪ ಆಲ್ಬರ್ಟ್ ಕಮೂವಿನದು. 1947ರ ಅವನ ‘ಪ್ಲೇಗ್’ ಕಾದಂಬರಿಯಲ್ಲಿ ದೇವರನ್ನು ನಂಬದ ಡಾಕ್ಟರ್ ರಿಯೂ ಹಗಲಿರುಳು ರೋಗಿಗಳ ನಡುವೆ ಇದ್ದಾನೆ. ಪಾದ್ರಿ ಪನಲೂ ಮೊದಲ ಪ್ರಸಂಗದಲ್ಲಿ ಇದು ನಿಮಗೆ ತಕ್ಕ ಶಿಕ್ಷೆ ಎಂದು ಗುಡುಗುತ್ತಾನೆ. ಒಬ್ಬ ಹುಡುಗನ ನರಳಾಟದ ಸಾವನ್ನು ಕಣ್ಣೆದುರು ಕಂಡ ಮೇಲೆ ಅವನ ಎರಡನೆಯ ಪ್ರಸಂಗದಲ್ಲಿ ‘ನೀವು’ ಹೋಗಿ ‘ನಾವು’ ಬರುತ್ತದೆ. ನಂಬಿಕೆಯಿಲ್ಲದವನೂ ಇದೇ ಕೆಲಸ ಮಾಡಬಲ್ಲ ಎಂದ ಮೇಲೆ ಕ್ರೈಸ್ತ ಭರವಸೆಯಿಂದ ಹೆಚ್ಚಿಗೆ ಸಿಗುವುದಾದರೂ ಏನು? ಮಾಡಬಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಕೋವಿಡ್ ವಾರ್ಡುಗಳಲ್ಲಿ ದುಡಿದ ಅಸಂಖ್ಯ ನರ್ಸುಗಳು, ಆಶಾ ಕಾರ್ಯಕರ್ತೆಯರು, ಪೌರಕಾರ್ಮಿಕರು ಯಾವ ಬೈಬಲ್ ಓದಿಯೂ ಬಂದವರಲ್ಲ. ಕ್ರೈಸ್ತನು ಅವರಿಗಿಂತ ಒಳ್ಳೆಯವನು ಎಂದು ಸಾಧಿಸುವುದು ಈ ಭರವಸೆಯ ಕೆಲಸವಲ್ಲ. ಅದು ವಿನಾಯಿತಿಯ ಆಸೆಯ ಇನ್ನೊಂದು ರೂಪ.

ಈ ಭರವಸೆ ಬೇರೆಯೇ ಒಂದು ಕಡೆ ಕೆಲಸ ಮಾಡುತ್ತದೆ: ಸೋತ ಆರೈಕೆಯ ಬಗ್ಗೆ ಅದು ಮಾತಾಡುತ್ತದೆ. ಆಕ್ಸಿಜನ್ ಸಿಲಿಂಡರಿಗಾಗಿ ರಾತ್ರಿಯಿಡೀ ಅಲೆದು ಬೆಳಗ್ಗೆ ತಂದಾಗ ತಂದೆ ಸತ್ತಿದ್ದ ಮಗನಿಗೆ, ಗಾಜಿನಾಚೆಯಿಂದ ಕೈಬೀಸಿ ಕಳುಹಿಸಿದ ಹೆಂಡತಿಗೆ, ಆ ಓಡಾಟ ವ್ಯರ್ಥವಾಯಿತೇ? ಉಳಿದ ಜೀವ, ಹೋದ ಜೀವ ಎಂಬ ಲೆಕ್ಕವೇ ಕೊನೆಯದಾದರೆ ಹೌದು. ಪುನರುತ್ಥಾನದ ನಂಬಿಕೆ ಆ ಲೆಕ್ಕವನ್ನು ಕೊನೆಯದೆಂದು ಒಪ್ಪುವುದಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಸುವಾರ್ತೆಯಲ್ಲಿ ಎದ್ದುಬಂದ ಯೇಸುವಿನ ಮೈಮೇಲೆ ಗಾಯಗಳು ಹಾಗೆಯೇ ಇವೆ. ತೋಮನು ಅವನ್ನು ಕಂಡೇ ಗುರುತಿಸುತ್ತಾನೆ. ನಡೆದದ್ದನ್ನು ನಡೆಯಲಿಲ್ಲ ಎನ್ನುವ ನಂಬಿಕೆ ಇದಲ್ಲ. ಪ್ರೀತಿಯಿಂದ ಮಾಡಿದ್ದು, ಸೋತರೂ, ದೇವರ ಕೈಯಲ್ಲಿ ಕಳೆದುಹೋಗುವುದಿಲ್ಲ ಎಂಬ ನಂಬಿಕೆ. ಇದನ್ನು ತರ್ಕದಿಂದ ಸಾಬೀತುಮಾಡಲಾರೆ. ಆದರೆ ಇದನ್ನು ನಂಬಿದವನಿಗೆ ಗೆಲ್ಲುವ ಖಾತ್ರಿಯಿಲ್ಲದ ಕಡೆಯೂ ಕೈಚಾಚುವ ಬಿಡುಗಡೆ ಸಿಗುತ್ತದೆ. ಆ ಬಿಡುಗಡೆಯ ಫಲವನ್ನು ಮಾತ್ರ ಯಾರು ಬೇಕಾದರೂ ನೋಡಬಹುದು.

ಈ ನಂಬಿಕೆಯಲ್ಲಿ ದುಃಖಕ್ಕೆ ಜಾಗವಿರಲೇಬೇಕು. ಪ್ಲೇಗ್ ವರ್ಷದ ಡಿಸೆಂಬರಿನಲ್ಲಿ ಲೂಥರನಿಗೆ ಎಲಿಸಬೆತ್ ಎಂಬ ಮಗಳು ಹುಟ್ಟಿದಳು. 1528ರ ಆಗಸ್ಟಿನಲ್ಲಿ, ಎಂಟು ತಿಂಗಳ ಕೂಸಾಗಿದ್ದಾಗ ಸತ್ತಳು. ಮಕ್ಕಳ ವಿಷಯದಲ್ಲಿ ತಂದೆಯ ಕರುಳು ಇಷ್ಟು ಮೆತ್ತಗಾಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ ಎಂದು ಅವನು ಗೆಳೆಯನಿಗೆ ಬರೆದುಕೊಂಡ. ಊರಿಗೆಲ್ಲ ಧೈರ್ಯ ಹೇಳಿದವನ ಈ ಅಳು ಅವನ ನಂಬಿಕೆಯ ಕೊರತೆಯಲ್ಲ. ಕೋವಿಡ್‌ನಲ್ಲಿ ಸತ್ತ ಎಷ್ಟೋ ಮಂದಿಗೆ ಸರಿಯಾದ ಮಣ್ಣೂ ಆಗಲಿಲ್ಲ, ಬಂಧುಗಳ ಅಳುವೂ ಸಿಗಲಿಲ್ಲ. ದೇವಾಲಯಗಳು ಮತ್ತೆ ತೆರೆದಾಗ ನಾವು ಕೃತಜ್ಞತಾ ಸ್ತೋತ್ರಗಳನ್ನು ಹಾಡಿದೆವು. ಸತ್ತವರಿಗಾಗಿ, ಪ್ರಾರ್ಥನೆ ಫಲಿಸದವರಿಗಾಗಿ, ಸಿಟ್ಟಿನಿಂದ ಸಭೆ ಬಿಟ್ಟವರಿಗಾಗಿ ಕೂತು ಅತ್ತದ್ದು ಕಡಿಮೆ. ಬೈಬಲಿನ ಕೀರ್ತನೆಗಳಲ್ಲಿ 91ನೆಯದಷ್ಟೇ ಅಲ್ಲ, ಕತ್ತಲೆಯೊಂದೇ ನನ್ನ ಸಂಗಾತಿ ಎಂಬ ಭಾವದಲ್ಲಿ ಮುಗಿಯುವ 88ನೆಯದೂ ಇದೆ. ಬದುಕಿ ಉಳಿದವರ ಸಾಕ್ಷಿಗಳನ್ನು ಮಾತ್ರ ವೇದಿಕೆಗೆ ಕರೆಯುವ ಸಭೆ ಸತ್ತವರನ್ನು ಎರಡನೆಯ ಸಲ ಹೂಳುತ್ತದೆ.

ಹಾಗಾದರೆ ರೋಗಕಾಲ ಕಳೆದ ಮೇಲೆ ನಂಬಿಕೆ ಹೊಸದಾಗಿದೆಯೇ ಎಂದು ತಿಳಿಯುವುದು ಹೇಗೆ? ಭಾನುವಾರದ ಬೆಂಚುಗಳು ತುಂಬಿವೆಯೇ ಎಂಬುದರಿಂದ ತಿಳಿಯದು. ಮುಂದಿನ ಸಾಂಕ್ರಾಮಿಕ ಬಂದೇ ಬರುತ್ತದೆ. ಅದಕ್ಕೆ ನಾವು ಮಾಡಿಕೊಂಡಿರುವ ತಯಾರಿಯಿಂದ ತಿಳಿಯುತ್ತದೆ. ನಮ್ಮ ಸಭೆಯಲ್ಲಿ ಒಂಟಿಯಾಗಿರುವ ಮುದುಕರು ಯಾರೆಂಬ ಪಟ್ಟಿ ಇದೆಯೇ? ಮಿಷನ್ ಆಸ್ಪತ್ರೆಗಳ ಬಿಲ್ಲು ಬಡವನಿಗೆ ಎಟುಕುವಂತಿದೆಯೇ, ಅಲ್ಲಿನ ನರ್ಸುಗಳಿಗೆ ಮರ್ಯಾದೆಯ ಸಂಬಳವಿದೆಯೇ? ಲಸಿಕೆಯ ಬಗ್ಗೆ ಗಾಳಿಸುದ್ದಿ ಬಂದಾಗ ಬೋಧಕ ಪಲ್ಪಿಟ್ಟಿನಿಂದ ನಿಜ ಹೇಳುತ್ತಾನೆಯೇ? ಯಾವುದೋ ಸಮುದಾಯದ ಮೇಲೆ ಬೆರಳು ತೋರಿದಾಗ ಅವರ ಪಕ್ಕ ಯಾರು ನಿಲ್ಲುತ್ತಾರೆ? ಇವೆಲ್ಲ ಆಡಳಿತದ ಪ್ರಶ್ನೆಗಳಂತೆ ಕಾಣಬಹುದು. ಆದರೆ ಹದಿನೇಳು ಶತಮಾನಗಳ ಹಿಂದೆ ಕಾರ್ಥೇಜಿನಲ್ಲಿ ಕೆಲಸ ಹಂಚಿದ್ದು, ವಿಟೆನ್‌ಬರ್ಗಿನಲ್ಲಿ ಸಮಾಧಿಭೂಮಿಯ ಜಾಗ ಚರ್ಚಿಸಿದ್ದು, ಕಂಕನಾಡಿಯಲ್ಲಿ ಹಾಸಿಗೆ ಹಾಕಿದ್ದು ಎಲ್ಲವೂ ಆಡಳಿತವೇ. ಅಂಥ ಕೆಲಸಕ್ಕೆ ಇಳಿಯದ ಭರವಸೆ ಹಾಡಲು ಮಾತ್ರ ಚೆಂದ. ದೇವರು ನನ್ನನ್ನು ಕಾಪಾಡುತ್ತಾನೋ ಇಲ್ಲವೋ ಎಂಬ ಪ್ರಶ್ನೆಯನ್ನು ದೇವರಿಗೇ ಬಿಟ್ಟು, ಪಕ್ಕದವನನ್ನು ಕಾಪಾಡುವ ಕೆಲಸವನ್ನು ತನ್ನದೆಂದು ಎತ್ತಿಕೊಳ್ಳುವವನೇ ಕ್ರೈಸ್ತ ಭರವಸೆಯನ್ನು ಅರ್ಥ ಮಾಡಿಕೊಂಡವನು.